ಹಳೆಯ ಪಿಸಿ ಡೆಡ್ ಆಗಿ ಬಂದರೆ ಮೊದಲು ಪಿಎಸ್‌ಯು ಬದಲಿಸಬೇಡಿ

ರಿಪೇರಿಗೆ ಬಂದ ಪಿಸಿಯ ಜಾಬ್ ಕಾರ್ಡ್‌ನಲ್ಲಿ ಇದ್ದದ್ದು ಇಷ್ಟೇ: "486, ನೋ ಡಿಸ್‌ಪ್ಲೇ, ಅರ್ಜೆಂಟ್." ಒಂದು ಅಳತೆ ಯಂತ್ರವನ್ನು ನಡೆಸುವ ಐಎಸ್‌ಎ ಕಾರ್ಡ್ (ಹಳೆಯ ಪಿಸಿಯ ಸ್ಲಾಟ್‌ಗೆ ಚುಚ್ಚುವ ಸರ್ಕ್ಯೂಟ್ ಬೋರ್ಡ್) 486 ಸಿಪಿಯುವಿನ ಆ ಪಿಸಿಯೊಳಗಿತ್ತು. ಆ ಕಾರ್ಡ್‌ಗೆ ಬದಲಿ ಸಿಗುವುದಿಲ್ಲ, ಅದರ ಸಾಫ್ಟ್‌ವೇರ್ ಡಾಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಇಂಥ ಪಿಸಿಗಳು ಇನ್ನೂ ಕೆಲಸದಲ್ಲಿ ಉಳಿದಿರುವುದೇ ಈ ಕಾರಣಕ್ಕೆ. ಪಿಸಿಯ ಬೆಲೆ ಏನೂ ಇಲ್ಲ, ಒಳಗಿನ ಕಾರ್ಡ್ ಹೋದರೆ ಮಾತ್ರ ಇಡೀ ಯಂತ್ರ ಗುಜರಿಗೆ.

ಸ್ವಿಚ್ ಹಾಕಿದರೆ ಫ್ಯಾನ್ ಅರ್ಧ ಸುತ್ತು ಅಲುಗಿ ನಿಲ್ಲುತ್ತಿತ್ತು. ಒಳಗಿಂದ ಟಿಕ್, ಟಿಕ್ ಸದ್ದು. ಬೆಂಚಿನ ರೂಢಿಯ ಪ್ರಕಾರ ಇದಕ್ಕೆ ಒಂದೇ ಅರ್ಥ: ಪಿಎಸ್‌ಯು (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಹೋಗಿದೆ, ಸ್ವ್ಯಾಪ್ ಮಾಡಿ, ಜಾಬ್ ಕಾರ್ಡ್ ಕ್ಲೋಸ್ ಮಾಡಿ. ಹಳೆಯ ಎಟಿ ಮಾದರಿಯ ಪಿಎಸ್‌ಯು ಕಳಚಿ, ಅಡಾಪ್ಟರ್ ಕೇಬಲ್ ಮೂಲಕ ಹೆಚ್ಚು ಆಂಪಿಯರ್‌ನ, ನಂತರದ ಎಟಿಎಕ್ಸ್ ಮಾದರಿಯ ಪಿಎಸ್‌ಯು ಜೋಡಿಸಿದ್ದಾಯಿತು. ಈ ಸಲ ಫ್ಯಾನ್ ಸಲೀಸಾಗಿ ತಿರುಗಿತು. ತೀರ್ಮಾನ ಸರಿಯಾಗಿತ್ತು ಎಂದು ಎಲ್ಲರಿಗೂ ಅನಿಸಿದ್ದು ಆ ಕೆಲವು ಸೆಕೆಂಡುಗಳಲ್ಲಿ. ಬೀಪ್ ಬರಲಿಲ್ಲ. ಬೂಟ್ ಹಂತದ ಕೋಡ್ ತೋರಿಸುವ ಪೋಸ್ಟ್ ಕಾರ್ಡ್ ಖಾಲಿ. ಎಲ್ಲರ ಕಣ್ಣು ಪೋಸ್ಟ್ ಕಾರ್ಡ್ ಮೇಲೇ ಇದ್ದಾಗ "ಸಾರ್, ವಾಸನೆ" ಎಂಬ ಕೂಗು, ಅದರ ಹಿಂದೆಯೇ ಐಎಸ್‌ಎ ಕಾರ್ಡ್‌ನ ಅಂಚಿನಲ್ಲಿ ಕಿತ್ತಳೆ ಕಿಡಿ. ಮೇನ್ಸ್ ಕಿತ್ತುಹಾಕುವ ಹೊತ್ತಿಗೆ ಒಂದು ಟ್ಯಾಂಟಲಮ್ ಕೆಪಾಸಿಟರ್ ಬೂದಿಯಾಗಿತ್ತು, ಅದಕ್ಕೆ ಹೋಗುವ ಟ್ರ್ಯಾಕ್ ಬೋರ್ಡ್‌ನಿಂದ ಎದ್ದು ಬಂದಿತ್ತು.

ಹಳೆಯ ಪಿಎಸ್‌ಯುಗೆ ಏನೂ ಆಗಿರಲಿಲ್ಲ. ಟಿಕ್ ಟಿಕ್ ಸದ್ದು ಅದರ ಪ್ರೊಟೆಕ್ಷನ್ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಮುಂದೆ ಎಲ್ಲೋ ಶಾರ್ಟ್ ಇದೆ, ಕರೆಂಟ್ ಕೊಡುವುದಿಲ್ಲ ಎಂದು ಪ್ರತಿ ಸಲ ಅದು ಕಟ್ ಆಗುತ್ತಿತ್ತು. ಅದರ ಜಾಗಕ್ಕೆ ಬಂದ ದೊಡ್ಡ ಪಿಎಸ್‌ಯು ಆ ಶಾರ್ಟನ್ನು ಲೋಡ್ ಎಂದೇ ತಿಳಿದು ಸುಡುವಷ್ಟು ಕರೆಂಟ್ ಕೊಟ್ಟಿತು. ಪಿಎಸ್‌ಯು ಬದಲಿಸಿದ್ದು ರಿಪೇರಿ ಆಗಲಿಲ್ಲ, ಇನ್ನೊಂದು ಕೆಡಿಸುವಿಕೆ ಆಯಿತು.

ಎರಡು ನಿಮಿಷದ ಅಳತೆ ಇದನ್ನು ತಪ್ಪಿಸುತ್ತಿತ್ತು. ಪವರ್ ತೆಗೆದು, ಮಲ್ಟಿಮೀಟರ್ ಓಮ್ ರೇಂಜ್‌ನಲ್ಲಿಟ್ಟು, ಕಪ್ಪು ಪ್ರೋಬನ್ನು ಗ್ರೌಂಡ್‌ಗೆ, ಕೆಂಪನ್ನು ಒಂದೊಂದೇ ರೈಲ್‌ಗೆ (ಪಿಎಸ್‌ಯು ಕೊಡುವ ಒಂದೊಂದು ವೋಲ್ಟೇಜ್‌ನ ಲೈನ್) ಹಿಡಿಯಬೇಕು: +5, +12, −12, −5. ಐಎಸ್‌ಎ ಸ್ಲಾಟ್‌ನಲ್ಲಿ ಬಿ3 ಪಿನ್ ಎಂದರೆ +5, ಬಿ5 ಎಂದರೆ −5, ಬಿ7 ಎಂದರೆ −12, ಬಿ9 ಎಂದರೆ +12, ಬಿ1 ಗ್ರೌಂಡ್. 12 ವೋಲ್ಟ್ ರೈಲ್‌ಗಳಲ್ಲಿ ರೀಡಿಂಗ್ ಮೇಲೇರುತ್ತಾ ಹೋಗಿ ನಿಲ್ಲಬೇಕು, ಕೆಪಾಸಿಟರ್‌ಗಳು ಚಾರ್ಜ್ ಆಗುತ್ತಿರುತ್ತವೆ. ಒಂದೆರಡು ಓಮ್‌ಗೇ ಅಂಟಿ ನಿಂತರೆ ಶಾರ್ಟ್. +5 ರೈಲ್‌ನಲ್ಲಿ ಮಾತ್ರ ಗಾಬರಿ ಬೇಡ: ಸಿಪಿಯು, ರ‍್ಯಾಮ್ ಎಲ್ಲ ಕೂತಿರುವ ಬೋರ್ಡ್‌ನಲ್ಲಿ ಹತ್ತಾರು ಓಮ್ ಬಂದರೂ ಸಹಜವೇ. ಶಾರ್ಟ್ ಸಿಕ್ಕರೆ ಕಾರ್ಡ್‌ಗಳನ್ನು ಒಂದೊಂದಾಗಿ ಎಳೆಯುತ್ತಾ ಮತ್ತೆ ಅಳೆಯಿರಿ. ಯಾವುದನ್ನು ಎಳೆದಾಗ ರೀಡಿಂಗ್ ಜಿಗಿಯುತ್ತದೋ ತಪ್ಪು ಅದರಲ್ಲಿ.

ಟ್ಯಾಂಟಲಮ್ ಹೋಗುವಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಹೋಗುತ್ತದೆ. ಆ ಕಾಲದ ಬೋರ್ಡ್‌ಗಳಲ್ಲಿ 12 ವೋಲ್ಟ್ ರೈಲ್‌ಗೆ 16 ವೋಲ್ಟ್ ರೇಟಿಂಗ್‌ನದನ್ನೇ ಹಾಕುತ್ತಿದ್ದರು. ಮಾರ್ಜಿನ್ ತೀರಾ ಕಡಿಮೆ, ಜೊತೆಗೆ ವರ್ಷಗಟ್ಟಲೆ ಆಫ್ ಆಗಿ ಕೂತ ಪಿಸಿಗೆ ಒಮ್ಮೆಲೇ ಪವರ್ ಕೊಟ್ಟರೆ ಅಪಾಯ ಇನ್ನೂ ಜಾಸ್ತಿ. 10 ಮೈಕ್ರೋಫ್ಯಾರಡ್ 16 ವೋಲ್ಟ್ ಇದ್ದಲ್ಲಿ 10 ಮೈಕ್ರೋಫ್ಯಾರಡ್ 35 ವೋಲ್ಟ್ ಹಾಕಿ. ಒಂದು ಸುಟ್ಟಿದ್ದರೆ ಅದೇ ರೈಲ್‌ನ ಉಳಿದವನ್ನೂ ಬದಲಿಸಿ. ಹೊಸಬರು ಎಡವುವ ಜಾಗ ಇಲ್ಲೇ ಇದೆ: ಟ್ಯಾಂಟಲಮ್ ಮೇಲಿನ ಪಟ್ಟಿ ಪ್ಲಸ್ ಕಡೆಯ ಗುರುತು, ಎಲೆಕ್ಟ್ರೋಲಿಟಿಕ್ ಮೇಲಿನ ಪಟ್ಟಿ ಮೈನಸ್ ಕಡೆಯದು. ಟ್ಯಾಂಟಲಮ್ ಜಾಗಕ್ಕೆ ಎಲೆಕ್ಟ್ರೋಲಿಟಿಕ್ ಹಾಕುವಾಗ ಪಟ್ಟಿಗೆ ಪಟ್ಟಿ ಹೊಂದಿಸಿದರೆ ಉಲ್ಟಾ ಕೂರುತ್ತದೆ. −12 ರೈಲ್‌ನಲ್ಲಿ ಕೆಪಾಸಿಟರ್‌ನ ಪ್ಲಸ್ ಕಾಲು ಗ್ರೌಂಡ್‌ಗೆ ಹೋಗುತ್ತದೆ, ಅದನ್ನೂ ನೋಡಿಕೊಳ್ಳಿ. ಸುಟ್ಟ ಟ್ರ್ಯಾಕ್ ಕಾರ್ಡ್ ಅಂಚಿನ ಬಿ9 ಸಂಪರ್ಕ ಬೆರಳಿನಿಂದ ಕೆಪಾಸಿಟರ್‌ವರೆಗಿನದು. ಎದ್ದ ತಾಮ್ರ ಕತ್ತರಿಸಿ, ಇದ್ದಿಲಾದ ಭಾಗವನ್ನು ಪೂರ್ತಿ ಕೆರೆದು ತೆಗೆದು (ಇದ್ದಿಲು ಕರೆಂಟ್ ಹರಿಸುತ್ತದೆ), ಇನ್ಸುಲೇಟೆಡ್ ವೈರ್ ಹಾಕಿದ್ದಾಯಿತು. ಸಿಗ್ನಲ್ ಟ್ರ್ಯಾಕ್‌ಗೆ 30 ಗೇಜ್ ಸಾಕು, ಪವರ್ ಟ್ರ್ಯಾಕ್‌ಗೆ ಅದಕ್ಕಿಂತ ದಪ್ಪದ್ದು ಬೇಕು.

ಪಿಎಸ್‌ಯು ಮೇಲೆ ಅನುಮಾನ ಇದ್ದೇ ಇದ್ದರೆ ಬೋರ್ಡ್‌ನಿಂದ ಬೇರೆ ಮಾಡಿ, ಲೋಡ್ ಕೊಟ್ಟು ಪರೀಕ್ಷಿಸಿ. ಲೋಡ್ ಇಲ್ಲದೆ ಹಳೆಯ ಎಟಿ ಪಿಎಸ್‌ಯು ಏಳದೇ ಇರಬಹುದು, ಎದ್ದರೂ ವೋಲ್ಟೇಜ್ ನಂಬುವಂತಿಲ್ಲ. +5 ರೈಲ್‌ಗೆ 5 ಓಮ್ 10 ವಾಟ್ ರೆಸಿಸ್ಟರ್ ಹಾಕಿದರೆ 1 ಆಂಪಿಯರ್ ಎಳೆಯುತ್ತದೆ. ಅದು ಚೆನ್ನಾಗಿ ಬಿಸಿಯಾಗುತ್ತದೆ, ಬೆಂಚ್ ಮ್ಯಾಟ್‌ಗೆ ತಾಗಿಸಬೇಡಿ. +12ಕ್ಕೆ ಕೆಟ್ಟರೂ ಚಿಂತೆಯಿಲ್ಲದ ಹಳೆಯ ಹಾರ್ಡ್ ಡಿಸ್ಕ್ ಸಾಕು. ಮತ್ತೆ ಜೋಡಿಸುವಾಗ ಎಟಿ ಪಿಎಸ್‌ಯುನಿಂದ ಬೋರ್ಡ್‌ಗೆ ಬರುವ ಪಿ8, ಪಿ9 ಕನೆಕ್ಟರ್‌ಗಳ ಕಪ್ಪು ವೈರ್‌ಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಉಳಿಯುವುದಿಲ್ಲ. ಹೊಸ ಎಟಿಎಕ್ಸ್ ಪಿಎಸ್‌ಯುಗಳಲ್ಲಿ −5 ವೋಲ್ಟ್ ಇರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಐಎಸ್‌ಎ ಕಾರ್ಡ್ ಬಿ5 ಬಳಸುತ್ತಿದ್ದರೆ ಪಿಸಿ ಬೂಟ್ ಆಗುತ್ತದೆ, ಕಾರ್ಡ್ ಮಾತ್ರ ಸುಮ್ಮನಿರುತ್ತದೆ, ಆಮೇಲೆ ದಿನವಿಡೀ ಸಾಫ್ಟ್‌ವೇರ್ ಬೈಯುತ್ತಾ ಕೂರಬೇಕಾಗುತ್ತದೆ.

ಶಾರ್ಟ್ ತೆಗೆದ ಮೇಲೆ ಬೋರ್ಡ್ ಎದ್ದಿತು, ಕೀಬೋರ್ಡ್ ಎರರ್ ಜೊತೆ. ಇದಕ್ಕೆ ಕಾರಣ ಪಿಸಿ ಆಫ್ ಇದ್ದಾಗ ಸೆಟ್ಟಿಂಗ್‌ಗಳನ್ನು ಉಳಿಸುವ ಬ್ಯಾರಲ್ ಬ್ಯಾಟರಿ, 3.6 ವೋಲ್ಟ್‌ನ ನಿಕ್ಕೆಲ್ ಕ್ಯಾಡ್ಮಿಯಮ್. ಬಹಳಷ್ಟು ಬೋರ್ಡ್‌ಗಳಲ್ಲಿ ಅದು ಕೂತಿರುವುದೇ ಕೀಬೋರ್ಡ್ ಕನೆಕ್ಟರ್ ಮತ್ತು 8042 ಕೀಬೋರ್ಡ್ ಕಂಟ್ರೋಲರ್ ಚಿಪ್ ಪಕ್ಕದಲ್ಲಿ. ಸೋರಿದ ಕ್ಷಾರ ಸೋಲ್ಡರ್ ಮಾಸ್ಕ್ ಅಡಿಯಲ್ಲಿ ಗೆದ್ದಲಿನ ಹಾಗೆ ಸದ್ದಿಲ್ಲದೆ ಹರಡುತ್ತದೆ, ಮೇಲಿಂದ ಹಸಿರು ಚುಕ್ಕೆ ಕಾಣುವಷ್ಟರಲ್ಲಿ ಒಳಗೆ ತಾಮ್ರ ಹೋಗಿರುತ್ತದೆ. ಬ್ಯಾಟರಿ ಕತ್ತರಿಸಿ ತೆಗೆದು, ಬಿಳಿ ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಣಗಿಸಿ. ವಿನೆಗರ್ ಹಾಗೇ ಬಿಟ್ಟರೆ ಅದೂ ತಿನ್ನುತ್ತದೆ. ಆಮೇಲೆ ಕೀಬೋರ್ಡ್ ಸಾಕೆಟ್‌ನ 1 (ಕ್ಲಾಕ್), 2 (ಡೇಟಾ) ಪಿನ್‌ಗಳಿಂದ ಕಂಟ್ರೋಲರ್ ಕಡೆಗೆ ಟ್ರ್ಯಾಕ್ ಹಿಡಿದು ಕಂಟಿನ್ಯುಟಿ ನೋಡಿ. 5ನೇ ಪಿನ್‌ನಲ್ಲಿ +5 ಬರದಿದ್ದರೆ ದಾರಿಯಲ್ಲಿ ಸಣ್ಣ ಫ್ಯೂಸ್ ಇರಬಹುದು, ಹುಡುಕಿ.

ಬದಲಿಗೆ ಸಿಆರ್2032 ಲಿಥಿಯಮ್ ಬಟನ್ ಸೆಲ್ ಹಾಕುವವರು ಡಯೋಡ್ ಬಿಡಬಾರದು. ಹಳೆಯ ಬ್ಯಾಟರಿ ರೀಚಾರ್ಜ್ ಆಗುವಂಥದ್ದು, ಬೋರ್ಡ್ ಅದಕ್ಕೆ ಚಾರ್ಜಿಂಗ್ ಕರೆಂಟ್ ಕಳಿಸುತ್ತದೆ, ಲಿಥಿಯಮ್ ಸೆಲ್ ಅದನ್ನು ತಾಳಿಕೊಳ್ಳುವುದಿಲ್ಲ. 1ಎನ್5817ನಂಥ ಶಾಟ್ಕಿ ಡಯೋಡ್‌ನ ಪಟ್ಟಿ ಇರುವ ಕಾಲು ಬೋರ್ಡ್ ಕಡೆಗೆ, ಇನ್ನೊಂದು ಕಾಲು ಸೆಲ್‌ನ ಪ್ಲಸ್‌ಗೆ. ಸೆಲ್ ಹೋಲ್ಡರನ್ನು ವೈರ್ ಎಳೆದು ಬೋರ್ಡ್‌ನಿಂದ ದೂರ ಅಂಟಿಸಿ. ಡಲ್ಲಾಸ್ ಕಂಪನಿಯ ಗಡಿಯಾರ ಚಿಪ್ ಇರುವ ಬೋರ್ಡ್‌ಗೆ ಇದು ಅನ್ವಯಿಸುವುದಿಲ್ಲ, ಅಲ್ಲಿ ಸೆಲ್ ಚಿಪ್ ಒಳಗೇ ಇರುತ್ತದೆ.

ಮೈ ಬಿಗಿ ಹಿಡಿದು ಕೂರಬೇಕಾದದ್ದು ಡಿಸ್ಕ್ ಕೆಲಸದಲ್ಲಿ. ಸಿಮಾಸ್ (ಸೆಟ್ಟಿಂಗ್‌ಗಳ ಮೆಮೊರಿ) ಅಳಿಸಿಹೋಗಿದ್ದರಿಂದ ಡಿಸ್ಕ್ ಟೈಪ್ ಕೂಡ ಹೋಗಿತ್ತು. ಲೇಬಲ್ ಮೇಲಿನ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ಟೈಪ್ 47ರಲ್ಲಿ (ನಾವೇ ತುಂಬುವ ಆಯ್ಕೆ) ತುಂಬಿದರೆ ಬೂಟ್ ಆಗುತ್ತದೆ ಎಂಬುದು ಗೊತ್ತಿದ್ದರೂ ಆ ಆಸೆಗೆ ಬೀಳಬಾರದು. ಮೊದಲು ಇಮೇಜ್, ಅಂದರೆ ಡಿಸ್ಕ್‌ನ ಪೂರ್ತಿ ನಕಲು. ಸಾಮಾನ್ಯ ಯುಎಸ್‌ಬಿ ಅಡಾಪ್ಟರ್‌ಗಳಿಗೆ ಎಲ್‌ಬಿಎ (ಸೆಕ್ಟರ್‌ಗಳನ್ನು ಒಂದೇ ಸಾಲಿನಲ್ಲಿ ಎಣಿಸುವ ವಿಧಾನ) ಬೇಕು, ಸಿಎಚ್‌ಎಸ್ (ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕ) ಮಾತ್ರ ಅರಿಯುವ ಹಳೆಯ ಡಿಸ್ಕ್‌ಗಳು ಅವಕ್ಕೆ ಕಾಣುವುದೇ ಇಲ್ಲ. ಐಡಿಇ ಪೋರ್ಟ್ (ಹಳೆಯ ಡಿಸ್ಕ್‌ಗಳ ಕನೆಕ್ಟರ್) ಇರುವ ಬೋರ್ಡ್‌ಗೆ ನೇರ ಜೋಡಿಸಿ, ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕ್ ನಕಲಿಸುವ ಪ್ರೋಗ್ರಾಮ್) ಓಡಿಸಿ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆದಕದೆ ಓದಿದಷ್ಟು ಓದಲಿ, ಓದಿದ್ದು, ಉಳಿದದ್ದು ದಾಖಲಿಸುವ ಮ್ಯಾಪ್ ಫೈಲ್ ಇರಲೇಬೇಕು, ಮರುಪ್ರಯತ್ನ ಆಮೇಲೆ. ಅರ್ಧ ದಾರಿಯಲ್ಲಿ ಓದು ನಿಂತು, ಹೆಡ್ ಕಟಕಟ ಎನ್ನತೊಡಗಿತು. ಹಿಂದೆ ನಿಂತ ಮ್ಯಾನೇಜರ್ ಕೇಳಿದ್ದು "ಒಮ್ಮೆ ಆಫ್ ಮಾಡಿ ಆನ್ ಮಾಡ್ರೀ". ಮಾಡಲಿಲ್ಲ. ತಿರುಗುತ್ತಿರುವ ಹಳೆಯ ಡಿಸ್ಕ್ ಆಫ್ ಆದರೆ ಪ್ಲ್ಯಾಟರ್‌ಗೆ ಹೆಡ್ ಅಂಟಿ ಮತ್ತೆ ಏಳದೇ ಹೋಗಬಹುದು. ಕಾದದ್ದಕ್ಕೆ ಉಳಿದ ಸೆಕ್ಟರ್‌ಗಳು ಬಂದವು.

ಅಪ್‌ಗ್ರೇಡ್ ಎಂದು ಮಾಡಿದ್ದು ಒಂದೇ: ಡಿಸ್ಕ್ ಜಾಗಕ್ಕೆ ಐಡಿಇ ಅಡಾಪ್ಟರ್ ಮೇಲೆ ಕಾಂಪ್ಯಾಕ್ಟ್ ಫ್ಲ್ಯಾಶ್ ಮೆಮೊರಿ ಕಾರ್ಡ್. ಹಳೆಯ ಬಯಾಸ್ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಮೀರಿ ನೋಡುವುದಿಲ್ಲ, ಅಂದರೆ 52,84,82,304 ಬೈಟ್. ದೊಡ್ಡ ಕಾರ್ಡ್ ಹಾಕಿದರೂ ಅಷ್ಟೇ ಬಳಸಬೇಕು, ಇಲ್ಲವೇ ದೊಡ್ಡ ಡಿಸ್ಕ್ ನೋಡಬಲ್ಲ ಎಕ್ಸ್‌ಟಿ-ಐಡಿಇ ಯೂನಿವರ್ಸಲ್ ಬಯಾಸನ್ನು ನೆಟ್‌ವರ್ಕ್ ಕಾರ್ಡ್‌ನ ಬೂಟ್ ರೋಮ್ ಸಾಕೆಟ್‌ನಲ್ಲಿ ಕೂರಿಸಬೇಕು. ಇಮೇಜನ್ನು ನೇರ ಬರೆದರೆ ಜಿಯೊಮೆಟ್ರಿ ಹೊಂದದೆ ಬೂಟ್ ನಿಲ್ಲುವುದುಂಟು. ಅದೇ ಪಿಸಿಯಲ್ಲಿ ಎಫ್‌ಡಿಸ್ಕ್‌ನಿಂದ ಪಾರ್ಟಿಷನ್, ಸಿಸ್ಟಮ್ ಸಹಿತ ಫಾರ್ಮ್ಯಾಟ್, ಆಮೇಲೆ ಫೈಲ್ ಕಾಪಿ ಮಾಡುವುದೇ ಗಟ್ಟಿ ದಾರಿ.

ಸಿಪಿಯು ವೇಗ ಹೆಚ್ಚಿಸಿ ಎಂಬ ಬೇಡಿಕೆ ಮೇಲಿಂದ ಬಂದಿತ್ತು, ಅದಕ್ಕೆ ಒಪ್ಪಲಿಲ್ಲ. 5 ವೋಲ್ಟ್ ಸಾಕೆಟ್‌ಗೆ ರೆಗ್ಯುಲೇಟರ್ ಇಲ್ಲದೆ ಡಿಎಕ್ಸ್4 (ವೇಗದ 486 ಸಿಪಿಯು) ಹಾಕಿದರೆ ಅದು ಸಾಯುತ್ತದೆ, ಅದಕ್ಕೆ ಬೇಕಿರುವುದು 3.3 ವೋಲ್ಟ್ ಆಸುಪಾಸು. ಅದಕ್ಕಿಂತ ದೊಡ್ಡ ಕಾರಣ ಸಾಫ್ಟ್‌ವೇರ್: ಟೈಮರ್ ನೋಡದೆ ಖಾಲಿ ಲೂಪ್ ಸುತ್ತಿ ಸಮಯ ಎಣಿಸುವ ಡಾಸ್ ಪ್ರೋಗ್ರಾಮ್‌ಗಳು ವೇಗದ ಸಿಪಿಯುನಲ್ಲಿ ತಪ್ಪು ಸಮಯಕ್ಕೆ ಕಾರ್ಡ್ ಓದುತ್ತವೆ. ಪಿಸಿ ಓಡುತ್ತದೆ, ಅಳತೆ ಸುಳ್ಳಾಗುತ್ತದೆ.

ಜಾಬ್ ಕಾರ್ಡ್‌ನಲ್ಲಿ ರೈಲ್ ರೆಸಿಸ್ಟೆನ್ಸ್‌ಗೆ ಒಂದು ಕಾಲಂ ಬೇಕು ಎಂದು ಕೇಳಿದ್ದೇವೆ. ದಿನಕ್ಕೆ ಎಷ್ಟು ಜಾಬ್ ಕಾರ್ಡ್ ಕ್ಲೋಸ್ ಆಯಿತು ಎಂದು ಎಣಿಸುವವರಿಗೆ ಅದು ಇನ್ನೂ ಮುಖ್ಯ ಅನಿಸಿಲ್ಲ. ಸದ್ಯಕ್ಕೆ ರಿಮಾರ್ಕ್ಸ್ ಜಾಗದಲ್ಲೇ ಬರೆಯುತ್ತಿದ್ದೇವೆ: +5, +12, −12, −5, ಒಮ್ಮೆ ಕಾರ್ಡ್‌ಗಳು ಇದ್ದಾಗ, ಒಮ್ಮೆ ಎಲ್ಲ ತೆಗೆದ ಮೇಲೆ. ಆ ಎಂಟು ಸಂಖ್ಯೆ ಬೀಳುವವರೆಗೆ ಮೇನ್ಸ್ ಪ್ಲಗ್ ಚುಚ್ಚುವುದಿಲ್ಲ.