ಶೇಕಡಾ 36ರ ಎರಡು ಅರ್ಥ

2023ರ ಏಪ್ರಿಲ್‌ನ ಒಂದು ಮಧ್ಯಾಹ್ನ ಬೆಂಗಳೂರಿನ ವಿಜಯನಗರದ ನಮ್ಮ ಮನೆಗೆ ಚುನಾವಣಾ ಸಮೀಕ್ಷೆ ನಡೆಸುವ ಹುಡುಗಿಯೊಬ್ಬಳು ಬಂದಿದ್ದಳು. ಯಾವ ಪಕ್ಷಕ್ಕೆ ಮತ ಹಾಕುತ್ತೀರಿ ಎಂದು ಅವಳು ಅಮ್ಮನನ್ನು ಕೇಳಿದಳು. ಯುಗಾದಿಗೆ ಮೊದಲೇ ತೀರ್ಮಾನ ಮಾಡಿಕೊಂಡಿದ್ದ ಅಮ್ಮ, “ಇನ್ನೂ ಏನೂ ಅಂದ್ಕೊಂಡಿಲ್ಲಮ್ಮ, ನೀರು ಕುಡೀತೀಯಾ?” ಎಂದರು. ಪಕ್ಕದ ಅಪಾರ್ಟ್‌ಮೆಂಟಿನವರು ತನ್ನನ್ನು ಗೇಟಿನ ಒಳಗೇ ಬಿಡಲಿಲ್ಲವೆಂದು ಆ ಹುಡುಗಿ ನೀರು ಕುಡಿಯುತ್ತ ಹೇಳಿದಳು. ಅಂದಿನಿಂದ ಯಾವ ಸಮೀಕ್ಷೆಯ ಅಂಕಿಯನ್ನು ಓದಿದರೂ ಬಾಯಿ ಬಿಡದ ನಮ್ಮ ಮನೆ ಮತ್ತು ತೆರೆಯದ ಆ ಗೇಟು ನನಗೆ ನೆನಪಾಗುತ್ತವೆ.

ಟಿವಿಯಲ್ಲಿ ಸಮೀಕ್ಷೆ ಪ್ರಕಟವಾದ ಕೂಡಲೇ ನಾವೆಲ್ಲರೂ ಹುಡುಕುವುದು ಕರ್ನಾಟಕದ 224 ಸ್ಥಾನಗಳ ವಿಧಾನಸಭೆಯಲ್ಲಿ ಬಹುಮತಕ್ಕೆ ಬೇಕಾದ 113 ಎಂಬ ಮ್ಯಾಜಿಕ್ ನಂಬರನ್ನು ಯಾರು ದಾಟುತ್ತಾರೆ ಎಂಬುದನ್ನು. ಆದರೆ ಸಮೀಕ್ಷೆ ಅಳೆಯುವುದು ಮತಪ್ರಮಾಣವನ್ನು ಮಾತ್ರ. ಸ್ಥಾನಗಳ ಸಂಖ್ಯೆ ಆ ಅಳತೆಯ ಮೇಲೆ ಕಟ್ಟಿದ ಮತ್ತೊಂದು ಅಂದಾಜು. ಈ ಎರಡರ ನಡುವಿನ ದೂರ ಎಷ್ಟೆಂಬುದಕ್ಕೆ ನಮ್ಮ ರಾಜ್ಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. 2018ರಲ್ಲಿ ಬಿಜೆಪಿಗೆ ಸುಮಾರು ಶೇ 36ರಷ್ಟು ಮತ ಬಿದ್ದಾಗ 104 ಸ್ಥಾನ ಸಿಕ್ಕಿತು. 2023ರಲ್ಲಿ ಅದೇ ಶೇ 36ಕ್ಕೆ ಸಿಕ್ಕಿದ್ದು 66. ಇನ್ನು 2018ರಲ್ಲಿ ಕಾಂಗ್ರೆಸ್ ಬಿಜೆಪಿಗಿಂತ ಹೆಚ್ಚು, ಅಂದರೆ ಸುಮಾರು ಶೇ 38ರಷ್ಟು ಮತ ಪಡೆದಿದ್ದರೂ 80 ಸ್ಥಾನಗಳಿಗೆ ನಿಂತಿತು. ಅಂದು ಮತಪ್ರಮಾಣವನ್ನು ಕರಾರುವಾಕ್ಕಾಗಿ ಹಿಡಿದ ಸಮೀಕ್ಷೆಯೊಂದು ಇದ್ದಿದ್ದರೂ, ಅದನ್ನು ಓದಿದವರು ಅತಿ ದೊಡ್ಡ ಪಕ್ಷ ಯಾವುದೆಂಬುದನ್ನು ತಪ್ಪಾಗಿಯೇ ಊಹಿಸುತ್ತಿದ್ದರು.

ಇದಕ್ಕೆ ಕಾರಣ ಮತಗಳು ಎಲ್ಲಿ ಬಿದ್ದವು ಎಂಬುದರಲ್ಲಿದೆ. 2018 ಮತ್ತು 2023ರ ನಡುವೆ ಜೆಡಿಎಸ್‌ನ ಮತಪ್ರಮಾಣ ಶೇ 18ರಿಂದ ಶೇ 13ಕ್ಕೆ ಇಳಿಯಿತು, ಕಾಂಗ್ರೆಸ್ಸಿನದು ಶೇ 38ರಿಂದ ಶೇ 43ರ ಸಮೀಪಕ್ಕೆ ಏರಿತು. ಬಿಜೆಪಿಯ ಒಟ್ಟು ಮೊತ್ತ ಕದಲಲಿಲ್ಲ, ಆದರೆ ಒಳಗೆ ಬಹಳಷ್ಟು ಕದಲಿತ್ತು: ಕಿತ್ತೂರು ಮತ್ತು ಕಲ್ಯಾಣ ಕರ್ನಾಟಕದಲ್ಲಿ ಕಳೆದುಕೊಂಡ ಮತಗಳನ್ನು ಅದು ಹಳೇ ಮೈಸೂರಿನಲ್ಲಿ ಗಳಿಸಿತಾದರೂ, ಅಲ್ಲಿ ಏರಿದ ಮತ ಸ್ಥಾನವಾಗಿ ಮಾರ್ಪಡಲಿಲ್ಲ. ಬೆಂಗಳೂರಿನ 28 ಕ್ಷೇತ್ರಗಳಲ್ಲಿ ಮಾತ್ರ ಅದರ ಸ್ಥಾನಗಳು 11ರಿಂದ 16ಕ್ಕೆ ಏರಿದವು. ನಮ್ಮ ಬೀದಿಯ ಗಾಳಿಯನ್ನೇ ರಾಜ್ಯದ ಗಾಳಿ ಎಂದು ತಿಳಿದವರಿಗೆ ಫಲಿತಾಂಶದ ದಿನ ಆಘಾತವಾದದ್ದು ಸಹಜ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ನಿಜ; ಆದರೆ ಕರ್ನಾಟಕದಲ್ಲಿ ಒಲೆಗಳೇ ಐದಾರಿವೆ.

ಮಾದರಿಯ ಗಾತ್ರದ ಬಗೆಗೂ ಒಂದು ಮಾತು ಹೇಳಬೇಕು. ಸಾವಿರ ಜನರನ್ನು ಸರಿಯಾದ ಕ್ರಮದಲ್ಲಿ ಆರಿಸಿ ಕೇಳಿದರೂ ಉತ್ತರ ಆಚೀಚೆ ಮೂರು ಶೇಕಡಾವಾರು ಅಂಶ ಸರಿಯಬಹುದು ಎಂಬುದು ಹಲವರಿಗೆ ಗೊತ್ತು. ಆದರೆ ಎರಡು ಪಕ್ಷಗಳ ನಡುವಿನ ಅಂತರಕ್ಕೆ ಬಂದಾಗ ಆ ಸರಿದಾಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಒಬ್ಬರಿಗೆ ಶೇ 40, ಮತ್ತೊಬ್ಬರಿಗೆ ಶೇ 38 ಎಂದು ಅಂತಹ ಸಮೀಕ್ಷೆ ಹೇಳಿದರೆ, ಮೊದಲನೆಯವರು ಏಳು ಅಂಶ ಮುಂದಿರಬಹುದು ಅಥವಾ ಮೂರು ಅಂಶ ಹಿಂದೆಯೂ ಇರಬಹುದು. ಇಪ್ಪತ್ತು ಸಾವಿರ ಜನರನ್ನು ಮಾತನಾಡಿಸಿದ್ದೇವೆ ಎಂಬ ಘೋಷಣೆ ದೊಡ್ಡದಾಗಿ ಕೇಳಿಸಿದರೂ, 224 ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರಕ್ಕೆ ತೊಂಬತ್ತು ಜನ ಕೂಡ ಸಿಗುವುದಿಲ್ಲ. ಜಯನಗರದಲ್ಲಿ 2023ರ ಗೆಲುವು ಮರು ಎಣಿಕೆಯ ನಂತರ ತೀರ್ಮಾನವಾದದ್ದು 16 ಮತಗಳಿಂದ, ಗಾಂಧಿನಗರದಲ್ಲಿ 105 ಮತಗಳಿಂದ. ಇಂತಹ ಕ್ಷೇತ್ರಗಳ ಹಣೆಬರಹವನ್ನು ತೊಂಬತ್ತು ಜನರಿಂದ ಓದಬಲ್ಲೆವೆನ್ನುವವರನ್ನು ನಾನು ನಂಬುವುದಿಲ್ಲ.

ಮಾದರಿಯನ್ನು ತೂಗುವ ತಕ್ಕಡಿಯೂ ಹಳೆಯದು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯದ ಕಾರಣ, ನಗರ–ಹಳ್ಳಿ, ವಯಸ್ಸು, ಪರಿಶಿಷ್ಟ ಜಾತಿ–ಪಂಗಡಗಳ ಪಾಲನ್ನು ಸರಿಹೊಂದಿಸಲು 2023ರಲ್ಲಿ ಕೈಯಲ್ಲಿದ್ದದ್ದು 2011ರ ಲೆಕ್ಕ. ಆ ವರ್ಷದ ಬೆಂಗಳೂರು ಎಷ್ಟು ಚಿಕ್ಕದಿತ್ತೆಂಬುದು ಇಲ್ಲಿ ಬಾಳಿದ ಎಲ್ಲರಿಗೂ ತಿಳಿದಿದೆ. ಮತದಾನದ ದಿನ ಯಾರು ಬರುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. 2023ರಲ್ಲಿ ರಾಜ್ಯದ ಸರಾಸರಿ ಮತದಾನ ಶೇ 73 ದಾಟಿದಾಗ ಬೆಂಗಳೂರು ನಗರದಲ್ಲಿ ಅದು ಶೇ 54ರ ಆಸುಪಾಸಿನಲ್ಲಿತ್ತು. ಸಮೀಕ್ಷೆಗೆ ಉತ್ಸಾಹದಿಂದ ಉತ್ತರಿಸಿ ಮತಗಟ್ಟೆಯ ಕಡೆ ತಲೆ ಹಾಕದವರೂ ನಮ್ಮ ನಡುವೆ ಇದ್ದಾರೆ.

ಸಮೀಕ್ಷೆಗಳನ್ನೇ ತಳ್ಳಿಹಾಕಬೇಕೆಂಬುದು ನನ್ನ ವಾದವಲ್ಲ. 2023ರ ಮತದಾನದ ಸಂಜೆ ಬಂದ ಮತಗಟ್ಟೆ ಸಮೀಕ್ಷೆಗಳಲ್ಲಿ ಹಲವು ಅತಂತ್ರ ವಿಧಾನಸಭೆ ಎಂದರೂ, ಕೆಲವು ಕಾಂಗ್ರೆಸ್ಸಿಗೆ ಸ್ಪಷ್ಟ ಬಹುಮತವನ್ನು ಕೊಟ್ಟಿದ್ದವು ಮತ್ತು ಅವು ಸರಿಯಾದವು. ಮರುವರ್ಷ ಹರಿಯಾಣದಲ್ಲಿ ಬಹುತೇಕ ಎಲ್ಲವೂ ಕಾಂಗ್ರೆಸ್ಸಿನ ಕಡೆ ಬೆರಳು ತೋರಿಸಿದವು. ಆದರೆ ಒಂದು ಅಂಶಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಬಿಜೆಪಿ 90ರಲ್ಲಿ 48 ಸ್ಥಾನ ಗೆದ್ದಿತು. ಪೈಪೋಟಿ ಬಿಗಿಯಾಗಿರುವಾಗ ‘ಹೇಳಲಾಗದು’ ಎನ್ನುವುದೂ ಪ್ರಾಮಾಣಿಕವಾದ ಒಂದು ಫಲಿತಾಂಶವೇ. ಅದನ್ನು ಹಾಗೆಯೇ ಪ್ರಕಟಿಸುವ ಧೈರ್ಯ ನಮ್ಮ ವಾಹಿನಿಗಳಿಗೆ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಈಗ ನಾನೊಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಜನರನ್ನು ಮಾತನಾಡಿಸಿದ ದಿನಾಂಕಗಳು, ಮುಖತಃ ಕೇಳಿದರೋ ಫೋನಿನಲ್ಲೋ, ಪ್ರದೇಶವಾರು ಮತಪ್ರಮಾಣ, ಅದೇ ಸಂಸ್ಥೆಯ ಹಿಂದಿನ ಸುತ್ತಿನ ಅಂಕಿ, ಇಷ್ಟನ್ನು ಬರೆದುಕೊಳ್ಳುತ್ತೇನೆ. ಕೊನೆಯ ಅಂಕಣ ನಮ್ಮ ಅಮ್ಮನಂಥವರದು: ಉತ್ತರ ಕೊಡದವರು ಎಷ್ಟು ಜನ, ಅವರನ್ನು ಲೆಕ್ಕದಿಂದ ಕೈಬಿಟ್ಟರೋ ಅಥವಾ ಉಳಿದವರ ಪ್ರಮಾಣದಲ್ಲೇ ಪಕ್ಷಗಳಿಗೆ ಹಂಚಿದರೋ ಎಂಬುದು. ಆ ಅಂಕಣವನ್ನು ತುಂಬಲು ಬೇಕಾದ ವಿವರ ವರದಿಯಲ್ಲಿ ಇಲ್ಲದಿದ್ದರೆ, ಸ್ಥಾನಗಳ ಸಂಖ್ಯೆಯನ್ನು ನಾನು ಬರೆದುಕೊಳ್ಳುವುದೇ ಇಲ್ಲ.