ಕೊಂಕ್‌ಗೆ ಹೋಗುವವರಿಗೆ: ಬಸ್ಸು ನಂಬಬೇಡಿ, ರಾತ್ರಿ ಉಳಿಯದೆ ಬರಬೇಡಿ

ಕೊಂಕ್ ದಕ್ಷಿಣ ಫ್ರಾನ್ಸಿನ ಒಂದು ಯಾತ್ರಾ ಹಳ್ಳಿ. ಹತ್ತಿರದ ಪಟ್ಟಣ ರೋಡೆಜ್‌ನ ಸ್ಟೇಷನ್ ಹೊರಗೆ ಒಂದೂವರೆ ಗಂಟೆ ಕಾದ ಮೇಲೆ ಗೊತ್ತಾಯಿತು, ಅಲ್ಲಿಗೆ ಹೋಗುವ ನಮ್ಮ ಬಸ್ಸು ಶಾಲೆ ಇರುವ ದಿನ ಮಾತ್ರ ಓಡುತ್ತದಂತೆ. ವೇಳಾಪಟ್ಟಿಯಲ್ಲಿ ಸಮಯದ ಪಕ್ಕ ಇರುವೆಯಷ್ಟು ಸಣ್ಣ ಅಕ್ಷರ. ಅದರ ಅರ್ಥ ಕೆಳಗೆ ಎಲ್ಲೋ, ಫ್ರೆಂಚಿನಲ್ಲಿ. ನಾವು ಹೋಗಿದ್ದು ಜುಲೈನಲ್ಲಿ, ರಜೆ. ಕೊನೆಗೆ ಟ್ಯಾಕ್ಸಿ. ಸುಮಾರು 40 ಕಿ.ಮೀ.ಗೆ 95 ಯೂರೋ!

ಊರಿನ ಹೆಸರು ಕೊಂಕ್, ರಸ್ತೆಯೂ ಕೊಂಕೇ. ಲ್ಯಾಟಿನ್ನಿನಲ್ಲಿ ಕೊಂಕಾ ಅಂದರೆ ಚಿಪ್ಪು. ದೂರ್ದು ಹೊಳೆಗೆ ಇನ್ನೊಂದು ಸಣ್ಣ ಹಳ್ಳ ಬಂದು ಸೇರುವ ಕಣಿವೆ ಚಿಪ್ಪಿನ ಹಾಗಿದೆ. ಅದರ ಇಳಿಜಾರಿಗೆ ಮನೆಗಳು ಅಂಟಿಕೊಂಡಿವೆ, ಚಾವಣಿಗೂ ಕಲ್ಲಿನ ಚಪ್ಪಡಿಯೇ. ಗಾಲಿ ಸೂಟ್‌ಕೇಸ್ ತರಬೇಡಿ. ನಮ್ಮದರ ಒಂದು ಗಾಲಿ ಅಲ್ಲೇ ಉಳಿಯಿತು.

ನನಗೆ ಮಜಾ ಅನಿಸಿದ್ದು ಬೇರೆ. ಈ ಊರು ಬೆಳೆದದ್ದೇ ಒಂದು ಕಳ್ಳತನದಿಂದ. 9ನೇ ಶತಮಾನದಲ್ಲಿ ಇಲ್ಲಿನ ಒಬ್ಬ ಸನ್ಯಾಸಿ, ಅಜಾನ್ ಎಂಬ ಊರಿನವರ ಜೊತೆ ಸೇರಿಕೊಂಡು, ಹತ್ತು ವರ್ಷ ಒಳ್ಳೆಯವನಾಗಿದ್ದು, ಒಂದು ದಿನ ಫುವಾ ಎಂಬ ಹುಡುಗಿ ಸಂತಳ ಅಸ್ಥಿ ಎತ್ತಿಕೊಂಡು ಬಂದನಂತೆ. ಆಮೇಲೆ ಯಾತ್ರಿಕರು ಬಂದರು, ಚಿನ್ನ ಬಂತು, ಈ ದೊಡ್ಡ ಚರ್ಚು ಎದ್ದಿತು. ಫ್ರೆಂಚ್ ಕ್ರಾಂತಿಯಲ್ಲಿ ಸರ್ಕಾರ ಆ ಚಿನ್ನ ಕರಗಿಸುತ್ತದೆ ಅಂತ ಊರವರೇ ಅದನ್ನು ಮನೆಮನೆಯಲ್ಲಿ ಬಚ್ಚಿಟ್ಟು, ಆಮೇಲೆ ವಾಪಸ್ ಕೊಟ್ಟರು. ಆ ಸಂತಳ ಚಿನ್ನದ ಮೂರ್ತಿಯನ್ನು ಚರ್ಚಿನ ಖಜಾನೆಯಲ್ಲಿ ಈಗಲೂ ನೋಡಬಹುದು.

ಚರ್ಚಿನ ಬಾಗಿಲ ಮೇಲೆ ಕಡೇ ತೀರ್ಪಿನ, ಅಂದರೆ ಯಾರು ಸ್ವರ್ಗಕ್ಕೆ ಯಾರು ನರಕಕ್ಕೆ ಅಂತ ದೇವರು ಹೇಳುವ ದಿನದ ಕೆತ್ತನೆ, 124 ಗೊಂಬೆಗಳು. ನರಕದ ಕಡೆ ಒಬ್ಬ ಜಿಪುಣ, ಕೊರಳಲ್ಲಿ ಹಣದ ಚೀಲದ ಸಮೇತ ನೇತಾಡುತ್ತಿದ್ದಾನೆ. ನಮ್ಮ ರೂಮಿನ ಮಾಲೀಕರ ನೆನಪಾಯಿತು. 'ಕಣಿವೆ ಕಾಣುವ ಕೋಣೆ' ಅಂತ 120 ಯೂರೋ ತೆಗೆದುಕೊಂಡು ಕೊಟ್ಟಿದ್ದು ಪಕ್ಕದ ಮನೆ ಗೋಡೆ ಕಾಣುವ ಕೋಣೆ. ಕಿಟಕಿಯ ಫೋಟೋ ತರಿಸಿಕೊಂಡೇ ದುಡ್ಡು ಕಟ್ಟಿ.

ಊಟದ ವಿಷಯಕ್ಕೆ ಬರೋಣ. ಮಧ್ಯಾಹ್ನ ಎರಡಕ್ಕೆ ಅಡುಗೆಮನೆ ಮುಚ್ಚುತ್ತಾರೆ, ಎಷ್ಟು ಗೋಗರೆದರೂ ಇಲ್ಲ. ಮೊದಲ ದಿನ ಬಿಸ್ಕತ್ತೇ ಗತಿ. ಮರುದಿನ ಇಳಿಜಾರಿನ ಕೆಳಗೆ ನಾಲ್ಕೇ ಮೇಜಿನ ಒಂದು ಜಾಗ ಸಿಕ್ಕಿತು. ಅಲ್ಲಿ ಅಲಿಗೋ ತಿಂದೆವು. ಬೇಯಿಸಿದ ಆಲೂಗಡ್ಡೆಗೆ ಎಳೆಯ ಚೀಸು, ಬೆಣ್ಣೆ, ಬೆಳ್ಳುಳ್ಳಿ ಹಾಕಿ ಮರದ ಸೌಟಿನಲ್ಲಿ ತಿರುವುತ್ತಾರೆ. ಅಜ್ಜಿ ಸೌಟು ಎತ್ತಿದರೆ ಅದು ತುಂಡಾಗದೆ ಎಳೆಯಾಗಿ ಅವರ ತಲೆಯ ಎತ್ತರಕ್ಕೆ ಬಂತು! ಮುದ್ದೆ ತಿರುವುವ ಕೈಗೇ ಗೊತ್ತು ಆ ಶ್ರಮ. ತಟ್ಟೆ ತುಂಬ, ಜೊತೆಗೆ ಎಲೆ ಸಲಾಡ್, 11 ಯೂರೋ. ಮೂರು ಹೊತ್ತು ಅಲ್ಲೇ ತಿಂದೆವು, ನಾಚಿಕೆ ಇಲ್ಲದೆ. ಸೊಪ್ಪಿನ ದೋಸೆಯಂಥ ಫಾರ್ಸು ಕೂಡ ಚೆನ್ನಾಗಿದೆ. ಕೆಲವು ಕಡೆ ಮಾಂಸ ಸೇರಿಸುತ್ತಾರೆ, ಕೇಳಿಕೊಳ್ಳಿ.

ಹನ್ನೊಂದರಿಂದ ಐದರವರೆಗೆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ನನಗೆ ಜನಜಾತ್ರೆ ಆಗುವುದಿಲ್ಲ, ಹೋಗಿ ಮಲಗಿದೆ. ಸಂಜೆ ಟೂರಿಸ್ಟ್ ಬಸ್ಸುಗಳು ಹೊರಟ ಮೇಲೆ ಲ ಪುಯ್ ಎಂಬ ದೂರದ ಊರಿನಿಂದ ನಡೆದು ಬಂದ ಯಾತ್ರಿಕರು ಮೆಟ್ಟಿಲ ಮೇಲೆ ಕೂತು ಕಾಲಿನ ಬೊಬ್ಬೆಗೆ ಪಟ್ಟಿ ಹಚ್ಚಿಕೊಳ್ಳುತ್ತಿದ್ದರು. ಆಗ ಚರ್ಚಿನ ಒಳಗೆ ಹೋಗಿ. ಇಲ್ಲಿನ 104 ಕಿಟಕಿಗಳಿಗೆ 1994ರಲ್ಲಿ ಹೊಸ ಗಾಜು ಬಂತು, ಮಾಡಿದ್ದು ರೋಡೆಜ್‌ನವರೇ ಆದ ಚಿತ್ರಕಲಾವಿದ ಸುಲಾಜ್. ಚಿತ್ರವಿಲ್ಲ, ಬಣ್ಣವೂ ಇಲ್ಲ. 'ಇಷ್ಟೇನಾ' ಅಂದುಕೊಂಡೆ. ಹೊತ್ತು ಇಳಿದ ಹಾಗೆ ಅದೇ ಬಿಳಿ ಗಾಜು ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ನೀಲಿ. ಸುಮ್ನೆ ಕೂತಿದ್ದೆವು.

ಮೂರನೇ ದಿನ ಮಳೆ, ಬಿಡಿ.

ವಾಪಸ್ ಬರುವಾಗ ಯಾತ್ರಿಕರ ಬ್ಯಾಗ್ ಸಾಗಿಸುವ ವ್ಯಾನಿನಲ್ಲಿ ಎರಡು ಸೀಟು ಸಿಕ್ಕಿತು, ತಲೆಗೆ 18 ಯೂರೋ. ಹೋಗುವಾಗಲೇ ಇದನ್ನು ವಿಚಾರಿಸಿ.