ಷರಾ

ಮಾರ್ಚ್ 16, 2025, ಭಾನುವಾರ
ಕಾರವಾರ

ಬ್ಯಾಗಿನ ತಳ ಇನ್ನೂ ಅಂಟಂಟು. ಮೂರು ಸಲ ತೊಳೆದೆ, ಹೋಗಲಿಲ್ಲ. ಅದರ ವಿಷಯ ಆಮೇಲೆ ಬರೆಯುತ್ತೇನೆ.

ಬೆಳಿಗ್ಗೆ ಪುಟ್ಟಿ ಬಂದಳು, ಒಂದು ಚೀಲ ಬಟ್ಟೆ ಹೊತ್ತುಕೊಂಡು. ಹಾಸ್ಟೆಲಿನಲ್ಲಿ ನೀರಿಲ್ಲವಂತೆ. ಮುಖ ನೋಡಿದರೆ ವಿಷಯ ಬರೀ ಬಟ್ಟೆಯದ್ದಲ್ಲ ಅಂತ ಗೊತ್ತಾಗುತ್ತಿತ್ತು. ಬಾಂಗಡೆ ಹುರಿದಿಟ್ಟಿದ್ದೆ. ಒಂದೇ ಒಂದು ತಿಂದು ಕೈ ತೊಳೆದಳು. ನಮ್ಮ ಪುಟ್ಟಿ, ಒಂದೇ ಬಾಂಗಡೆ! ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಯಾರೂ ಕೇಳಲಿಲ್ಲ.

ಸಂಜೆ ಬೀಚಿಗೆ ಹೋದಾಗ ತಾನಾಗಿಯೇ ಬಾಯಿ ಬಿಟ್ಟಳು. ಅಲ್ಲಿ ನಿಲ್ಲಿಸಿಟ್ಟ ಹಳೆಯ ಯುದ್ಧನೌಕೆ ದಾಟಿ ಸ್ವಲ್ಪ ಮುಂದೆ, ನಾವು ಯಾವಾಗಲೂ ಕೂರುವ ಜಾಗ.

"ಫೆಸ್ಟಿನಲ್ಲಿ ನನ್ನನ್ನ ಎರಡನೇ ಸುತ್ತಿಗೇ ತೆಗೆದ್ರು ಚಿಕ್ಕಿ."

ಘಟ್ಟದ ಮೇಲಿನ ಯಾವುದೋ ಕಾಲೇಜಿನ ಮ್ಯಾನೇಜ್‌ಮೆಂಟ್ ಫೆಸ್ಟ್. ಬೆಸ್ಟ್ ಮ್ಯಾನೇಜರ್ ಸ್ಪರ್ಧೆ. ತಂಡದ ಖರ್ಚಿನ ಲೆಕ್ಕವೆಲ್ಲ ಇವಳೇ ಮಾಡಿದ್ದಂತೆ. ತೆಗೆದ ಮೇಲೆ ಒಂದು ಚೀಟಿ ಕೊಟ್ಟರಂತೆ. ಅದರಲ್ಲಿ ಒಂದೇ ಸಾಲು: ನಾಯಕತ್ವ ಗುಣ ಸಾಲದು.

"ಸಾಲದು ಅಂದ್ರೆ ಎಷ್ಟು ಸಾಲದು? ಯಾವಾಗ ಸಾಲಲಿಲ್ಲ? ಕೇಳಿದ್ರೆ ಆ ಸರ್ ಸುಮ್ನೆ ನಕ್ರು."

ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. ಆ ಸಿಟ್ಟಿನಲ್ಲೇ ಕಾಲೇಜಿನ ಸೆಮಿನಾರಿಗೆ ವಿಷಯ ಆರಿಸಿಕೊಂಡು ಬಂದಿದ್ದಾಳೆ. ಟಿವಿಯ ಬಿಸಿನೆಸ್ ಸ್ಪರ್ಧೆಗಳಲ್ಲಿ ಎಲಿಮಿನೇಶನ್ ಅಂತ ಮಾಡುತ್ತಾರಲ್ಲ, ಅದು ನಿಜವೋ ನಾಟಕವೋ. ಸಿಟ್ಟು ಬಂದರೆ ಓದಲು ಕೂರುವುದು ನಮ್ಮ ಅಕ್ಕನಿಂದ ಬಂದ ಗುಣ. ನನಗೆ ಸಿಟ್ಟು ಬಂದರೆ ಪಾತ್ರೆ ಸದ್ದು ಜಾಸ್ತಿಯಾಗುತ್ತದೆ, ಅಷ್ಟೇ.

ಟ್ರಂಪ್ ನಡೆಸುತ್ತಿದ್ದ 'ಅಪ್ರೆಂಟಿಸ್' ಅವಳ ಮುಖ್ಯ ಸರಕು. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2004ರ ಜನವರಿ 8ಕ್ಕೆ ಶುರುವಾಗಿದ್ದು. ಹದಿನಾರು ಜನ ಸ್ಪರ್ಧಿಗಳು. ವಾರಕ್ಕೊಂದು ಕೆಲಸ ಕೊಡುತ್ತಾರೆ, ಸೋತ ತಂಡದಿಂದ ಒಬ್ಬರು ಮನೆಗೆ. ಕೊನೆಗೆ ಉಳಿದವರಿಗೆ ಅವರ ಕಂಪನಿಯಲ್ಲಿ ಒಂದು ವರ್ಷದ ಕೆಲಸ, ಸಂಬಳ 2,50,000 ಡಾಲರ್. ಮೊದಲ ಕಂತಿನ ಕೆಲಸ ಏನು ಗೊತ್ತಾ? ನ್ಯೂಯಾರ್ಕಿನ ಬೀದಿಯಲ್ಲಿ ನಿಂಬು ಶರಬತ್ತು ಮಾರುವುದು. ಹೆಂಗಸರದ್ದು ಒಂದು ತಂಡ, ಗಂಡಸರದ್ದು ಒಂದು. ಗಂಡಸರು ಹೋಗಿ ಅಂಗಡಿ ಹಾಕಿದ್ದು ಫುಲ್ಟನ್ ಮೀನು ಮಾರ್ಕೆಟ್ಟಿನ ಹತ್ತಿರ.

ಇವರು ಶೇಂಗಾ ತಿನ್ನುತ್ತಿದ್ದವರು ಕೆಮ್ಮಿಬಿಟ್ಟರು. "ಮೀನು ಮಾರ್ಕೆಟ್ಟಿನಲ್ಲಿ ಶರಬತ್ತಾ? ನಮ್ಮ ಮಾರ್ಕೆಟ್ಟಿನಲ್ಲಿ ಸುಂಗಟೆ ಮಾರುವವಳನ್ನು ಕೇಳಿದ್ರೂ ಹೇಳ್ತಿದ್ಲು ಮಾರಾಯ್ತಿ, ಅಲ್ಲಿ ಮೂಗು ಮುಚ್ಚಿಕೊಂಡು ಬಂದವರು ಬಾಯಿ ತೆರೆಯೋದಿಲ್ಲ ಅಂತ."

ಗಂಡಸರು ಸೋತರು. ತಂಡದ ಮುಂದಾಳು ಟ್ರಾಯ್ ಮೆಕ್ಲೇನ್. ಯಾರನ್ನು ತೆಗೆಯುವುದು ಅಂತ ಟ್ರಂಪ್ ಹೇಳುವ ಬೋರ್ಡ್‌ರೂಮಿಗೆ ತನ್ನ ಜೊತೆ ಇಬ್ಬರನ್ನು ಕರೆದುಕೊಂಡು ಹೋದ. ಒಬ್ಬ ಸ್ಯಾಮ್ ಸೊಲೊವೇ. ಮೀನು ಮಾರ್ಕೆಟ್ಟಿನ ಜಾಗ ಹುಡುಕಿದವನು ಅವನೇ. ಒಂದು ಲೋಟ ಶರಬತ್ತನ್ನು ಸಾವಿರ ಡಾಲರಿಗೆ ಮಾರಲು ಹೋದವನೂ ಅವನೇ. ಇನ್ನೊಬ್ಬ ಡೇವಿಡ್ ಗೌಲ್ಡ್. ಡಾಕ್ಟರ್ ಓದಿ ಎಂಬಿಎಯನ್ನೂ ಮಾಡಿದವನು, ಮಾತು ಕಡಿಮೆ.

"ಯಾರನ್ನ ತೆಗೆದಿರಬಹುದು ಹೇಳು ಚಿಕ್ಕಿ?"

"ಸಾವಿರ ಡಾಲರಿನವನನ್ನು."

"ಡೇವಿಡ್‌ನನ್ನ. ಸ್ಯಾಮ್ ಮೂರನೇ ವಾರದ ತನಕ ಇದ್ದ." ಸ್ವಲ್ಪ ಹೊತ್ತು ಮರಳು ಕೆದಕಿದಳು. "ಅವನಿದ್ರೆ ನೋಡೋರಿಗೆ ಮಜಾ. ಇವನು ಸುಮ್ನೆ ಕೂತಿರ್ತಾನೆ. ಇನ್ನೆಂತ ಬೇಕು ತೆಗೀಲಿಕ್ಕೆ?"

ನನಗೆ ಎದೆಯೊಳಗೆ ಧಸಕ್ ಅಂದಿತು. ಶೇಂಗಾ ಪೊಟ್ಟಣ ಕೈಗೆ ತೆಗೆದುಕೊಂಡೆ, ಸುಮ್ನೆ.

ಹಾಗಾದರೆ ಎಲ್ಲಾ ಮೊದಲೇ ಬರೆದಿಟ್ಟದ್ದಾ ಅಂತ ಇವರು ಕೇಳಿದರು. ಅಲ್ಲವಂತೆ, ಅದೇ ತೊಡಕಂತೆ. ಎರಡನೇ ಸೀಸನ್ನಿನಲ್ಲಿ ಬ್ರಾಡ್‌ಫೋರ್ಡ್ ಕೊಹೆನ್ ಅಂತ ಒಬ್ಬ ವಕೀಲ. ಮೊದಲ ವಾರ ತಂಡವನ್ನು ಗೆಲ್ಲಿಸಿದ್ದಕ್ಕೆ ಎರಡನೇ ವಾರ ಅವನನ್ನು ಯಾರೂ ತೆಗೆಯುವ ಹಾಗಿರಲಿಲ್ಲ. ಅವನು ಧಿಮಾಕಿನಲ್ಲಿ ಆ ರಿಯಾಯಿತಿ ನನಗೆ ಬೇಡ ಅಂದ. ಅದೇ ದಿನ ಅವನನ್ನೇ ಕಳಿಸಿದರು. "ಇದನ್ನ ಯಾರು ಬರೆದುಕೊಡ್ತಾರೆ ಚಿಕ್ಕಿ? ಇದು ಆ ಕ್ಷಣಕ್ಕೆ ತಲೆಗೆ ಬಂದದ್ದೇ." ನಾಲ್ಕನೇ ಸೀಸನ್ನಿನಲ್ಲಂತೂ ಒಂದೇ ಸಂಜೆ ನಾಲ್ಕು ಜನರನ್ನು ಒಟ್ಟಿಗೆ ಹೊರಗೆ ಹಾಕಿದರಂತೆ.

ಆಮೇಲೆ ಅವಳು ಹೇಳಿದ್ದು ನನ್ನನ್ನು ಈ ಹೊತ್ತಿನ ತನಕ ಕಾಡುತ್ತಾ ಇದೆ. 2019ರ ಜನವರಿಯಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಒಂದು ದೊಡ್ಡ ಲೇಖನ ಬಂದಿತ್ತಂತೆ. ಆ ಕಾರ್ಯಕ್ರಮದ ಸಂಕಲನ ಮಾಡಿದ ಒಬ್ಬ ಅದರಲ್ಲಿ ಮಾತಾಡಿದ್ದಾನೆ. ಟ್ರಂಪ್ ಎಷ್ಟೋ ಸಲ ಯಾರು ಏನು ಕೆಲಸ ಮಾಡಿದರು ಅಂತ ಸರಿಯಾಗಿ ತಿಳಿಯದೆಯೇ ಬಂದು ಕೂರುತ್ತಿದ್ದರು, ಮನಸ್ಸಿಗೆ ಬಂದವರನ್ನು ತೆಗೆಯುತ್ತಿದ್ದರು. ಒಮ್ಮೊಮ್ಮೆ ವಾರವೆಲ್ಲ ಚೆನ್ನಾಗಿ ದುಡಿದವರೇ ಹೋಗಿಬಿಡುತ್ತಿದ್ದರು. ಆಗ ಸಂಕಲನ ಮಾಡುವವರ ಕೆಲಸ ಶುರು. ನೂರಾರು ಗಂಟೆಗಳ ಚಿತ್ರಣ ತಿರುವಿಹಾಕಿ, ಹೊರಗೆ ಹೋದವನು ಎಲ್ಲಿ ಆಕಳಿಸಿದ, ಎಲ್ಲಿ ತೊದಲಿದ ಅಂತ ಹುಡುಕಿ ತೆಗೆದು ಮುಂದೆ ಅಂಟಿಸುವುದು. ನೋಡುವವರಿಗೆ ಹೌದಪ್ಪ, ಇವನನ್ನು ತೆಗೆದದ್ದು ಸರಿಯೇ ಅನ್ನಿಸಬೇಕು.

ಅಂದರೆ ತೆಗೆದದ್ದು ಸುಳ್ಳಲ್ಲ. ತೆಗೆಯಲು ತೋರಿಸಿದ ಕಾರಣ ಆಮೇಲೆ ಹುಟ್ಟಿದ್ದು.

ಇದಕ್ಕೆ ನಮ್ಮ ಸೊಸೈಟಿಯಲ್ಲಿ ಒಂದು ಹೆಸರಿದೆ. ಷರಾ. ಸಾಲದ ಅರ್ಜಿಯ ಬಲಗಡೆಯ ಕೊನೆಯ ಅಂಕಣ. ಕಮಿಟಿಯವರು ಚಹಾ ಕುಡಿಯುತ್ತಾ ಇದು ಬೇಡ, ಅದು ಆಗಲಿ ಅನ್ನುತ್ತಾರೆ. ಎದ್ದು ಹೋಗುತ್ತಾರೆ. ಷರಾ ಬರೆಯುವವಳು ನಾನು. ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ. 'ಜಾಮೀನು ಸಾಕಾಗುವುದಿಲ್ಲ.' 'ಮರುಪಾವತಿ ಸಾಮರ್ಥ್ಯದ ಬಗ್ಗೆ ಮಾಹಿತಿ ಅಪೂರ್ಣ.' ಅರ್ಜಿಯಲ್ಲಿ ಹುಡುಕಿದರೆ ಏನಾದರೊಂದು ಕುಂದು ಸಿಕ್ಕೇ ಸಿಗುತ್ತದೆ. ಮಂಜೂರಾದ ಅರ್ಜಿಗಳಲ್ಲೂ ಅದೇ ಕುಂದು ಇರುತ್ತದೆ. ಅಲ್ಲಿ ಯಾರೂ ಹುಡುಕುವುದಿಲ್ಲ. ಈಗ ಮಾರ್ಚ್ ಬೇರೆ. ನಾಳೆ ಹೋದರೆ ಮೇಜಿನ ಮೇಲೆ ಎಷ್ಟು ಕಡತ ಇರುತ್ತದೋ, ನೆನೆದರೇ ಭುಜ ನೋಯುತ್ತದೆ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಇವರದ್ದು ತಾಳಮದ್ದಳೆ. ಯಾವ ವಿಷಯ ತೆಗೆದರೂ ಅಲ್ಲಿಗೇ ಬರುತ್ತಾರೆ, ನಿಮಗೆಲ್ಲ ಗೊತ್ತೇ ಇದೆ. "ನಮ್ಮಲ್ಲಿ ಕರ್ಣ ಸಾಯ್ತಾನೆ ಅಂತ ಸಭೆಗೆಲ್ಲ ಗೊತ್ತದೆ. ಆದ್ರೆ ಸಾಯೋದಕ್ಕೆ ಮುಂಚೆ ಕೃಷ್ಣನಿಗೆ ಎಂತ ಉತ್ತರ ಕೊಡ್ತಾನೆ ಅಂತ ಭಾಗವತರಿಗೂ ಗೊತ್ತಿಲ್ಲ. ಮಾತು ಅಲ್ಲೇ ಹುಟ್ಟಬೇಕು. ಅವರದ್ದು ತಿರುಗಾಮುರುಗಾ. ಯಾರು ಸಾಯ್ತಾರೆ ಅಂತ ಯಾರಿಗೂ ಗೊತ್ತಿಲ್ಲ, ಸತ್ತ ಮೇಲೆ ಕೂತು ಅರ್ಥ ಬರೀತಾರೆ." ಪುಟ್ಟಿ ನಿಂತಲ್ಲೇ ಮೊಬೈಲು ತೆಗೆದು ಇದನ್ನು ಬರೆದುಕೊಂಡಳು. ಇವರಿಗೆ ಎಷ್ಟು ಖುಷಿಯಾಯಿತೆಂದರೆ, ರಾತ್ರಿ ಪಾತ್ರೆ ತಾವೇ ತೊಳೆದರು.

ಊಟಕ್ಕೆ ಕೂತಾಗ ಇನ್ನೊಂದು ಕಥೆ ಹೇಳಿದಳು. 1956ರದ್ದು, ಅಮೆರಿಕದ ಟಿವಿಯಲ್ಲಿ ಬರುತ್ತಿದ್ದ 'ಟ್ವೆಂಟಿ ಒನ್' ಅನ್ನುವ ಕ್ವಿಜ್. ಹರ್ಬರ್ಟ್ ಸ್ಟೆಂಪೆಲ್ ಅಂತ ಒಬ್ಬ ವಾರ ವಾರ ಗೆಲ್ಲುತ್ತಿದ್ದ. ನೋಡುವವರಿಗೆ ಅವನು ಸಾಕಾಗಿದ್ದಾನೆ ಅಂತ ನಡೆಸುವವರಿಗೆ ಅನ್ನಿಸಿತು. ಇನ್ನು ಸೋಲು ಅಂದರು. 1955ರ ಒಳ್ಳೆಯ ಸಿನಿಮಾಕ್ಕೆ ಆಸ್ಕರ್ ಸಿಕ್ಕಿದ್ದು ಯಾವುದಕ್ಕೆ ಅನ್ನುವ ಪ್ರಶ್ನೆಗೆ ಬೇಕಂತಲೇ ತಪ್ಪು ಉತ್ತರ ಹೇಳಿಸಿದರು. ಆ ಸಿನಿಮಾ ಅವನಿಗೆ ಬಹಳ ಇಷ್ಟದ್ದು. ಅವನನ್ನು ಸೋಲಿಸಿ ಗೆದ್ದ ಚಾರ್ಲ್ಸ್ ವ್ಯಾನ್ ಡೊರೆನ್ 1959ರ ನವೆಂಬರಿನಲ್ಲಿ ಸಂಸತ್ತಿನ ಸಮಿತಿ ಮುಂದೆ ಎಲ್ಲಾ ಒಪ್ಪಿಕೊಂಡ. ಮರುವರ್ಷವೇ ಕಾನೂನು ಬಂತು. ಬುದ್ಧಿ, ಕೌಶಲ, ಅದೃಷ್ಟದ ಸ್ಪರ್ಧೆಯಲ್ಲಿ ಒಳಗೊಳಗೇ ಸೋಲುಗೆಲುವು ಹೊಂದಿಸಿ ಜನರಿಗೆ ಮೋಸ ಮಾಡಿದರೆ ಅಪರಾಧ. ಈಗಿನವರು ಜಾಣರು ಅನ್ನುತ್ತಾಳೆ ಪುಟ್ಟಿ. 'ಟಾಪ್ ಶೆಫ್' ಅಂತ ಅಡುಗೆ ಸ್ಪರ್ಧೆ ಇದೆಯಲ್ಲ, ಅದರ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಓಡಿಸುತ್ತಾರಂತೆ: ತೀರ್ಪುಗಾರರು ನಿರ್ಮಾಪಕರ ಜೊತೆ ಸಮಾಲೋಚಿಸಿ ನಿರ್ಧರಿಸಿದ್ದಾರೆ ಅಂತ.

ಸಮಾಲೋಚನೆ. ಒಳ್ಳೆಯ ಶಬ್ದ.

ಈಗ ಹನ್ನೊಂದೂ ಮುಕ್ಕಾಲು. ಅವಳು ಮಲಗಿದ್ದಾಳೆ. ಸೆಖೆ. ಫ್ಯಾನು ತಿರುಗುತ್ತಿದೆ ಅನ್ನುವುದು ಸದ್ದಿನಿಂದ ಮಾತ್ರ ಗೊತ್ತಾಗುತ್ತದೆ.

ಹೋದ ಶನಿವಾರ ನಾನು ಕುಮಟಾ ಕಡೆಯ ಒಂದು ಕಾಲೇಜಿಗೆ ಹೋಗಿದ್ದೆ, ತೀರ್ಪುಗಾರಳಾಗಿ. ವಿದ್ಯಾರ್ಥಿಗಳು ತಮ್ಮ ತಮ್ಮ ವ್ಯಾಪಾರದ ಯೋಜನೆ ಹೇಳುವ ಸ್ಪರ್ಧೆ. ಮಹಿಳಾ ಸಂಘಗಳಿಗೆ ಸಾಲ ಕೊಡುವವಳು, ಅನುಭವ ಇದೆ ಅಂತ ನನ್ನನ್ನು ಕರೆದಿದ್ದರು. ಶಾಲು, ಹಣ್ಣಿನ ಬುಟ್ಟಿ, ಎದುರಿಗೆ ನೀರಿನ ಬಾಟಲಿ. ಚೆನ್ನಾಗಿಯೇ ಇತ್ತು. ನನ್ನ ಜೊತೆ ಇನ್ನಿಬ್ಬರು ತೀರ್ಪುಗಾರರು.

ಕೊನೆಯ ಸುತ್ತಿಗೆ ಇಬ್ಬರು ಹೋಗಬೇಕು, ಉಳಿದದ್ದು ಮೂವರು. ಒಬ್ಬ ಹುಡುಗ ಒಣಮೀನನ್ನು ಮನೆಬಾಗಿಲಿಗೆ ಮುಟ್ಟಿಸುತ್ತೇನೆ ಅಂದ. ಲೆಕ್ಕ ಏನೂ ಇರಲಿಲ್ಲ. ಆದರೆ ಏನು ಮಾತು! ಸಭೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು, ನಾನೂ ನಕ್ಕೆ. ಇನ್ನೊಬ್ಬನದು ಹಲಸಿನ ಚಿಪ್ಸು, ಪರವಾಗಿಲ್ಲ. ಮೂರನೆಯವಳು ಸಿದ್ದಾಪುರ ಕಡೆಯ ಹುಡುಗಿ. ಮುರುಗಲು ಹಣ್ಣಿನ ಶರಬತ್ತು, ನಾವು ಕೋಕಂ ಅನ್ನುತ್ತೇವಲ್ಲ ಅದು. ತಾಯಿ ಮಾಡುತ್ತಾರಂತೆ. ನೂರು ಪುಟದ ನೋಟುಬುಕ್ಕಿನಲ್ಲಿ ಹಣ್ಣು, ಸಕ್ಕರೆ, ಬಾಟಲಿ, ಬಸ್ಸಿನ ಲಗೇಜು, ಒಡೆದು ಹೋಗುವುದು ಎಷ್ಟು ಅಂತ ಎಲ್ಲಾ ಬರೆದಿದ್ದಳು. ನೆಲ ನೋಡುತ್ತಾ ಓದಿದಳು. ತೀರ್ಪುಗಾರರಿಗೆ ಒಂದೊಂದು ಬಾಟಲಿ ಕೊಟ್ಟಳು.

ನಾನು ಅವಳಿಗೆ ಎಂಟು ಅಂಕ ಹಾಕಿದ್ದೆ. ಪೆನ್ಸಿಲಿನಲ್ಲಿ.

ಆಗ ಕಾರ್ಯಕ್ರಮ ನಡೆಸುತ್ತಿದ್ದ ಸರ್ ಬಂದು ಹಿಂದಿನಿಂದ ಬಗ್ಗಿದರು. "ಮೇಡಂ, ನಿರ್ಧಾರ ನಿಮ್ಮದೇ. ಒಣಮೀನಿನ ಹುಡುಗ ಇದ್ದರೆ ಮಕ್ಕಳು ಕೊನೆಯ ತನಕ ಕೂತಿರ್ತಾರೆ. ಮುಖ್ಯ ಅತಿಥಿಗಳು ಬರೋದು ನಾಲ್ಕಕ್ಕೆ." ಅಷ್ಟೇ ಹೇಳಿದ್ದು. ಒತ್ತಾಯ ಏನೂ ಮಾಡಲಿಲ್ಲ. ನನಗೂ ಐದರ ಬಸ್ಸು ಹಿಡಿಯಬೇಕಿತ್ತು. ಎಂಟನ್ನು ಅಳಿಸಿ ಆರು ಮಾಡಿದೆ. ಷರಾ ಕಾಲಮ್ಮು ಅಲ್ಲೂ ಇತ್ತು! ಕೈ ತಾನಾಗಿಯೇ ಓಡಿತು: 'ಪ್ಯಾಕಿಂಗ್ ಬಗ್ಗೆ ಸ್ಪಷ್ಟತೆ ಇಲ್ಲ.'

ಪ್ಯಾಕಿಂಗ್ ಬಗ್ಗೆ ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಆ ಹುಡುಗಿಯೂ ಈಗ ಯಾರದ್ದೋ ಮನೆಯಲ್ಲಿ ಕೂತು ಕೇಳುತ್ತಿರಬಹುದು. ಸ್ಪಷ್ಟತೆ ಇಲ್ಲ ಅಂದರೆ ಎಷ್ಟು ಇಲ್ಲ? ಎಲ್ಲಿ ಇಲ್ಲ?

ಇನ್ನು ಬ್ಯಾಗಿನ ಕಥೆ. ಆವತ್ತು ರಾತ್ರಿ ಮನೆಗೆ ಬಂದು ನೋಡಿದರೆ ಬಾಟಲಿ ಸೋರಿದೆ. ಮುಚ್ಚಳದ ಸಂದಿಯಿಂದ. ಕರ್ಚೀಫು, ಬಸ್ಸಿನ ಟಿಕೇಟು, ಕನ್ನಡಕದ ಡಬ್ಬಿ ಎಲ್ಲಾ ಕೆಂಪು. ನನಗೆ ಮೊದಲು ಏನನ್ನಿಸಿತು ಅಂತ ಬರೆಯಲು ನಾಚಿಕೆಯಾಗುತ್ತದೆ. ಸಮಾಧಾನವಾಯಿತು. ನೋಡು, ನಾನು ಬರೆದದ್ದು ಸರಿಯೇ ಇತ್ತಲ್ಲ ಅಂತ. ಅರ್ಧ ಗಂಟೆ ಹಗುರಾಗಿಯೇ ಇದ್ದೆ. ಆಮೇಲೆ ನೆನಪಾಯಿತು. ಅಂಕೋಲಾದಲ್ಲಿ ಒಬ್ಬ ಅಜ್ಜಿ ಹತ್ತಿದ್ದರು. ಅವರಿಗೆ ಜಾಗ ಬಿಡಲು ಬ್ಯಾಗನ್ನು ಅಡ್ಡ ಮಲಗಿಸಿ ಕಾಲ ಕೆಳಗೆ ತಳ್ಳಿದ್ದೆ. ಮುಚ್ಚಳವೇ ಸಡಿಲ ಇತ್ತೋ, ನಾನು ಮಲಗಿಸಿದ್ದಕ್ಕೆ ಸೋರಿತೋ.

ಉಳಿದರ್ಧ ಫ್ರಿಜ್ಜಿನಲ್ಲಿತ್ತು. ಊಟವಾದ ಮೇಲೆ ಪುಟ್ಟಿ ನೀರು ಬೆರೆಸಿಕೊಂಡು ಕುಡಿದಳು. ಚಿಟಿಕೆ ಉಪ್ಪು ಹಾಕಿಕೊಂಡು ಇನ್ನೊಂದು ಲೋಟವನ್ನೂ ಕುಡಿದಳು.

"ಎಷ್ಟು ಚಂದ ಅದೆ ಚಿಕ್ಕಿ! ಎಲ್ಲಿ ತಗೊಂಡೆ?"

"ಯಾರೋ ಕೊಟ್ಟದ್ದು."

"ಅಂಗಡಿಯಲ್ಲಿ ಸಿಗ್ತದಾ?"

ಇಲ್ಲ ಅಂದೆ. ಬಾಟಲಿ ತಿರುಗಿಸಿ ನೋಡಿದಳು. ಬಿಳಿ ಕಾಗದದಲ್ಲಿ ಕೈಬರಹ, ಒಂದು ಫೋನ್ ನಂಬರ್. ಶರಬತ್ತು ಇಳಿದು ಕೊನೆಯ ಎರಡು ಅಂಕಿ ಕಲಸಿಹೋಗಿದೆ. ಏಳೋ ಒಂದೋ ಗೊತ್ತಾಗುವುದಿಲ್ಲ. ಕಾಲೇಜಿನವರನ್ನು ಕೇಳಿದರೆ ಕೊಡುತ್ತಾರೆ. ಆದರೆ ಫೋನ್ ಮಾಡಿ ಎಂತ ಹೇಳುವುದು, ಪ್ಯಾಕಿಂಗ್ ಅಂತ ಶುರು ಮಾಡುವುದೋ, ಅಥವಾ ಎಂಟು ಹಾಕಿದ್ದೆ ಅಂತ